ಮಂಗಳೂರು–ಉಡುಪಿಯಿಂದ ವಿಮಾನದ ಕ್ಯಾಬಿನ್‌ವರೆಗೆ: ಗಗನಸಖಿಯಾಗಲು ಬಯಸುವವರಿಗೆ ಸಮಗ್ರ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ ಮಳೆಗಾಲ ಹಿಡಿಯುವವರೆಗೆ ಕರಾವಳಿಯ ಮನೆಗಳಲ್ಲಿ ಮುಂದೇನು ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ. ಆ ಚರ್ಚೆಯ ನಡುವೆ ಮಗಳೋ ಮಗನೋ ವಿಮಾನದಲ್ಲಿ ಕೆಲಸ ಮಾಡುವ ಆಸೆಯನ್ನು ಹೇಳಿಕೊಂಡರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಅದಕ್ಕೆ ಕೋರ್ಸ್ ಎಲ್ಲಿದೆ, ಫೀಸು ಎಷ್ಟು?" ಎಂಬುದು. ಕಾಪುವಿನ ಸಮೀಪದ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಒಂದು ವರ್ಷದ ತರಬೇತಿಗೆ ನನ್ನನ್ನು ಸೇರಿಸಿದರು. ಅಲ್ಲಿ ಕಲಿತದ್ದರಲ್ಲಿ ಸೀರೆ ಉಡುವ, ತುರುಬು ಕಟ್ಟುವ ಕ್ರಮವನ್ನು ಬಿಟ್ಟರೆ ಬೇರಾವುದೂ ನನಗೆ ಉದ್ಯೋಗದಲ್ಲಿ ನೆರವಾಗಲಿಲ್ಲ. ಆ ಪ್ರಮಾಣಪತ್ರವನ್ನು ಯಾವ ಸಂದರ್ಶನದಲ್ಲಿಯೂ ಯಾರೂ ಕೇಳಲಿಲ್ಲ. ಮುಂದೆ ಎರಡು ಸಂಸ್ಥೆಗಳಲ್ಲಿ ಒಟ್ಟು ಹನ್ನೊಂದು ವರ್ಷ ಹಾರಾಟ ನಡೆಸಿ ಊರಿಗೆ ಮರಳಿದ ಮೇಲೆ, ನನ್ನಲ್ಲಿ ಸಲಹೆ ಕೇಳಲು ಬರುವ ಮಕ್ಕಳಿಗೆ ಹೇಳುವುದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕೆಲಸದ ಸ್ವರೂಪ

ಊಟ ಹಂಚುವ, ನಗುನಗುತ್ತಾ ಸ್ವಾಗತಿಸುವ ಸಿಬ್ಬಂದಿಯನ್ನು ಪ್ರಯಾಣಿಕರು ಕಾಣುತ್ತಾರೆ. ಆದರೆ ಕಾನೂನಿನ ಕಣ್ಣಿನಲ್ಲಿ ಕ್ಯಾಬಿನ್ ಸಿಬ್ಬಂದಿ ವಿಮಾನದಲ್ಲಿ ಇರುವುದು ಸುರಕ್ಷತೆಗಾಗಿ. ಎಷ್ಟು ಸೀಟುಗಳಿಗೆ ಎಷ್ಟು ಮಂದಿ ಸಿಬ್ಬಂದಿ ಇರಬೇಕೆಂಬುದು ನಿಯಮದಲ್ಲೇ ನಿಗದಿಯಾಗಿದೆ. 180 ಸೀಟುಗಳ ಏರ್‌ಬಸ್ ಎ320 ವಿಮಾನದಲ್ಲಿ ಕನಿಷ್ಠ 4 ಮಂದಿ ಇರಲೇಬೇಕು. ಒಬ್ಬರು ಕಡಿಮೆಯಾದರೂ ಅದು ಪೂರ್ತಿ ಪ್ರಯಾಣಿಕರೊಂದಿಗೆ ಹೊರಡುವಂತಿಲ್ಲ. ಪ್ರಯಾಣಿಕ ವಿಮಾನಕ್ಕೆ ಮಾನ್ಯತೆ ದೊರೆಯಬೇಕಾದರೆ, ಅದರ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ಎಲ್ಲರನ್ನೂ 90 ಸೆಕೆಂಡುಗಳಲ್ಲಿ ಹೊರಗೆ ಕಳುಹಿಸಲು ಸಾಧ್ಯವೆಂದು ತೋರಿಸಬೇಕಾಗುತ್ತದೆ. ಆ 90 ಸೆಕೆಂಡುಗಳ ಕೆಲಸ ನಮ್ಮದು.

ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯ ಗುಡ್ಡದ ನೆತ್ತಿಯ ಮೇಲಿನ ರನ್‌ವೇಯನ್ನು ಕಂಡು ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಆ 2,450 ಮೀಟರ್ ಉದ್ದದ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದಾಗ 158 ಮಂದಿ ತೀರಿಕೊಂಡರು, 8 ಮಂದಿ ಬದುಕುಳಿದರು. ಅದರಲ್ಲಿದ್ದ 6 ಮಂದಿ ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಈ ಉದ್ಯೋಗವನ್ನು ಅಲಂಕಾರದ ಕೆಲಸವೆಂದು ತಿಳಿದು ಬಂದವರು ತರಬೇತಿಯ ಎರಡನೆಯ ವಾರದಲ್ಲೇ ಹಿಂದಿರುಗಿದ್ದನ್ನು ಕಂಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಗಗನಸಖಿ ಎಂಬ ಪದ ಹೆಣ್ಣುಮಕ್ಕಳನ್ನು ಮಾತ್ರ ಸೂಚಿಸಿದರೂ ಗಂಡುಮಕ್ಕಳಿಗೂ ಈ ಕೆಲಸದಲ್ಲಿ ಅವಕಾಶವಿದೆ. ಕೆಲವು ಸಂಸ್ಥೆಗಳು ಹುಡುಗಿಯರನ್ನೇ ಹೆಚ್ಚಾಗಿ ಆರಿಸುತ್ತವೆ, ಕೊಲ್ಲಿಯ ಸಂಸ್ಥೆಗಳು ಇಬ್ಬರನ್ನೂ ತೆಗೆದುಕೊಳ್ಳುತ್ತವೆ.

ಮೊದಲ ಹೆಜ್ಜೆ: ಮನೆಯ ಗೋಡೆಯಲ್ಲೇ ಅಳತೆ

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಒಂದು ಟೇಪು, ಒಂದು ಪೆನ್ಸಿಲು, ಒಂದು ತೂಕದ ಯಂತ್ರ ಹಿಡಿದುಕೊಂಡು ಅರ್ಧ ಗಂಟೆ ಕುಳಿತುಕೊಳ್ಳಿ. ಕನಿಷ್ಠ ವಯಸ್ಸು 18, ವಿದ್ಯಾಭ್ಯಾಸ ಪಿಯುಸಿ ಅಥವಾ ಅದಕ್ಕೆ ಸಮನಾದದ್ದು, ಪದವಿ ಕಡ್ಡಾಯವಲ್ಲ. ಭಾರತೀಯ ಸಂಸ್ಥೆಗಳು ಹೊಸಬರನ್ನು ಸಾಮಾನ್ಯವಾಗಿ 27 ವರ್ಷದ ಒಳಗೆ ಆರಿಸಿಕೊಳ್ಳುತ್ತವೆ. ಹುಡುಗಿಯರಿಗೆ 155 ಸೆಂಟಿಮೀಟರ್, ಹುಡುಗರಿಗೆ 170ರ ಆಸುಪಾಸು ಎತ್ತರವನ್ನು ಕೇಳುವುದು ರೂಢಿ. ದುಬೈಯ ಎಮಿರೇಟ್ಸ್ ಸಂಸ್ಥೆಗೆ 21 ವರ್ಷ ತುಂಬಿರಬೇಕು, 160 ಸೆಂಟಿಮೀಟರ್ ಎತ್ತರವಿರಬೇಕು, ತುದಿಗಾಲಿನಲ್ಲಿ ನಿಂತು ಕೈ ಎತ್ತಿದರೆ ಬೆರಳು 212 ಸೆಂಟಿಮೀಟರ್ ಮುಟ್ಟಬೇಕು. ಈ 212ರ ಹಿಂದೆ ಒಂದು ಕಾರಣವಿದೆ: ತಲೆಯ ಮೇಲಿನ ಸಾಮಾನು ಪೆಟ್ಟಿಗೆಗಳಲ್ಲಿ ಬೆಂಕಿ ಆರಿಸುವ ಸಾಧನ, ಆಮ್ಲಜನಕದ ಸಿಲಿಂಡರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತವೆ, ಅವನ್ನು ಯಾರ ಸಹಾಯವೂ ಇಲ್ಲದೆ ಕ್ಷಣದಲ್ಲಿ ಇಳಿಸಬೇಕಾಗುತ್ತದೆ. ಗೋಡೆಯಲ್ಲಿ 212ಕ್ಕೆ ಒಂದು ಗೆರೆ ಎಳೆಯಿರಿ, ಬರಿಗಾಲಿನಲ್ಲಿ ನಿಂತು ನೋಡಿ. ಎರಡು ಮೂರು ಸೆಂಟಿಮೀಟರ್ ಕಡಿಮೆಯಾದರೆ ಬೆನ್ನು, ಭುಜ, ಹಿಮ್ಮಡಿಗಳನ್ನು ಸಡಿಲಿಸುವ ವ್ಯಾಯಾಮದಿಂದ ತುಂಬಿಕೊಳ್ಳಬಹುದು, ಹತ್ತು ಕಡಿಮೆಯಾದರೆ ಆಗುವುದಿಲ್ಲ. ಇದನ್ನು ಮಗುವಿಗೆ ಮೊದಲೇ ಹೇಳುವುದು ಕ್ರೌರ್ಯವಲ್ಲ, ಲಕ್ಷಾಂತರ ರೂಪಾಯಿ ಕಟ್ಟಿಸಿಕೊಂಡ ಮೇಲೆ ಹೇಳುವುದು ಕ್ರೌರ್ಯ.

ತೂಕವನ್ನು ಬಿಎಂಐ ಎಂಬ ಲೆಕ್ಕದಿಂದ ನೋಡುತ್ತಾರೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಭಾರತದಲ್ಲಿ ಕ್ಯಾಬಿನ್ ಸಿಬ್ಬಂದಿಗೆ ಹೆಣ್ಣುಮಕ್ಕಳಲ್ಲಿ 18ರಿಂದ 22, ಗಂಡುಮಕ್ಕಳಲ್ಲಿ 18ರಿಂದ 25 ಸಾಮಾನ್ಯ ಮಟ್ಟವೆಂದು ಪರಿಗಣಿತವಾಗಿದೆ. 160 ಸೆಂಟಿಮೀಟರ್ ಎತ್ತರದ ಹುಡುಗಿಗೆ ಇದು ಸುಮಾರು 46ರಿಂದ 56 ಕಿಲೋ ಎಂದಾಗುತ್ತದೆ. ಸಂದರ್ಶನದ ತಿಂಗಳಲ್ಲಿ ಊಟ ಬಿಟ್ಟು ತೂಕ ಇಳಿಸಲು ಹೋಗಬೇಡಿ. ಹಿಮೋಗ್ಲೋಬಿನ್ ಕುಸಿದು ವೈದ್ಯಕೀಯ ಪರೀಕ್ಷೆಯಲ್ಲಿ ಸೋತ ಇಬ್ಬರು ಒಳ್ಳೆಯ ಹುಡುಗಿಯರನ್ನು ನಾನು ಬಲ್ಲೆ. ಕುಚ್ಚಲಕ್ಕಿ ಅನ್ನ, ಮೀನು, ಬಸಳೆ, ಹುರುಳಿಯ ನಮ್ಮ ಊಟ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ, ಸಂಜೆಯ ಗೋಳಿಬಜೆಯನ್ನಷ್ಟೇ ಹಿಡಿತದಲ್ಲಿಟ್ಟರೆ ಸಾಕು.

ಮುಖ, ಕುತ್ತಿಗೆ, ಮೊಣಕೈಯಿಂದ ಕೆಳಗಿನ ಭಾಗ ಮುಂತಾದ, ಸಮವಸ್ತ್ರ ಮುಚ್ಚದ ಜಾಗಗಳಲ್ಲಿ ಹಚ್ಚೆ ಇರಬಾರದು. ಜಾತ್ರೆಯಲ್ಲಿ ಹಾಕಿಸಿಕೊಂಡ ಪುಟ್ಟ ಹೆಸರೂ ಹಚ್ಚೆಯೇ. ಕಣ್ಣಿಗೆ ಕನ್ನಡಕ ಬೇಕಿದ್ದರೆ ಲೆನ್ಸ್ ಬಳಸಲು ಕಲಿಯಿರಿ, ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಪಾಸ್‌ಪೋರ್ಟ್, ಮತ್ತು ಅದಕ್ಕಿಂತ ಮೊದಲು ಹೆಸರು

ನಮ್ಮ ಜಿಲ್ಲೆಗಳ ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲಿ. ಶಾಲೆಗೆ ಸೇರಿಸುವಾಗ ಮಾಸ್ತರರು ಹೆಸರಿನ ಮುಂದೆ ಒಂದು ಇನಿಷಿಯಲ್ ಬರೆದಿರುತ್ತಾರೆ, ಆಧಾರಿನಲ್ಲಿ ಶೆಟ್ಟಿ, ಪೂಜಾರಿ, ಆಚಾರ್ಯ ಅಥವಾ ಡಿಸೋಜ ಸೇರಿಕೊಂಡಿರುತ್ತದೆ, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಇರುತ್ತದೆ. ಮೂರೂ ಒಬ್ಬರದೇ ಎಂದು ನಿಮಗೆ ಗೊತ್ತು. ದಾಖಲೆ ಪರಿಶೀಲಿಸುವವರ ಪಾಲಿಗೆ ಅವು ಮೂವರು ಬೇರೆ ಬೇರೆ ವ್ಯಕ್ತಿಗಳದ್ದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಅದನ್ನು ಬಿಡಿಸಿ ಪೂರ್ಣ ರೂಪದಲ್ಲಿ ಬರೆಯಬೇಕು. ಹೆಸರು ಮಾತ್ರ ಬರೆದು ಉಪನಾಮದ ಜಾಗವನ್ನು ಖಾಲಿ ಬಿಟ್ಟರೂ ಕಷ್ಟವೇ: ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ಪ್ರಕಟಿಸಿದ ಬಳಿಕ ಅನೇಕರು ಪರದಾಡಿದರು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ನಿಮ್ಮ ಹೆಸರಿನ ಅಂತಿಮ ರೂಪವನ್ನು ಮನೆಯವರೊಂದಿಗೆ ಕುಳಿತು ನಿರ್ಧರಿಸಿ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳನ್ನು ಅದಕ್ಕೆ ಸರಿಹೊಂದಿಸಿ. ಆಮೇಲೆ ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ ತುಂಬಿ, ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನಾಂಕ ಪಡೆದುಕೊಳ್ಳಿ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ ಶುಲ್ಕ, ತತ್ಕಾಲ್ ಬೇಕಾದರೆ ಅದರ ಮೇಲೆ 2,000 ರೂಪಾಯಿ. ಎಸ್ಸೆಸ್ಸೆಲ್ಸಿ ಉತ್ತೀರ್ಣರಾದವರಿಗೆ ವಲಸೆ ತಪಾಸಣೆ ಬೇಡದ ಪಾಸ್‌ಪೋರ್ಟ್ ಸಿಗುತ್ತದೆ, ಆದರೆ ಆ ಅಂಕಪಟ್ಟಿಯನ್ನು ಅರ್ಜಿಯೊಂದಿಗೆ ಕೊಟ್ಟಿರಬೇಕು. ಪೊಲೀಸ್ ಪರಿಶೀಲನೆಗೆ ಬಂದಾಗ ನೀವು ಹಾಸ್ಟೆಲಿನಲ್ಲಿದ್ದು ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರೆ ಕೆಲಸ ಕೆಡುತ್ತದೆ, ಅಂದು ಊರಿನಲ್ಲಿರಿ.

ನನ್ನ ಮೊದಲ ಆಯ್ಕೆ ಕೈತಪ್ಪಿದ್ದು ಇದೇ ಕಾರಣಕ್ಕೆ. ಸಂದರ್ಶನದ ಎಲ್ಲ ಸುತ್ತುಗಳನ್ನು ದಾಟಿದ್ದೆ; ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಹೊಂದಲಿಲ್ಲವೆಂದು ದಾಖಲೆಗಳನ್ನು ಹಿಂದಿರುಗಿಸಿದರು. ತಿದ್ದುಪಡಿಗೆ ನಾಲ್ಕು ತಿಂಗಳು ಹಿಡಿಯಿತು, ಅಷ್ಟರಲ್ಲಿ ಆ ತಂಡದ ತರಬೇತಿಯೇ ಮುಗಿದಿತ್ತು.

ಮೂರನೆಯ ಹೆಜ್ಜೆ: ಕೋರ್ಸಿನ ಪ್ರಶ್ನೆ

ಕ್ಯಾಬಿನ್ ಸಿಬ್ಬಂದಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೇಳುವ ಸುರಕ್ಷತಾ ತರಬೇತಿಯನ್ನು ಆಯ್ಕೆಯಾದ ಮೇಲೆ ವಿಮಾನ ಸಂಸ್ಥೆಯೇ ಕೊಡುತ್ತದೆ. ಹೊರಗಿನ ಯಾವ ಅಕಾಡೆಮಿಯ ಡಿಪ್ಲೊಮಾವೂ ಅದಕ್ಕೆ ಬದಲಿಯಾಗುವುದಿಲ್ಲ. ಮಾತಿನಲ್ಲಿ ತೀರ ಹಿಂಜರಿಕೆ ಇರುವವರಿಗೆ ಒಂದೆರಡು ತಿಂಗಳ ಸಂವಹನ ತರಗತಿ ನೆರವಾದೀತು; ಅದರಾಚೆಗೆ "ನೂರಕ್ಕೆ ನೂರು ಕೆಲಸ ಖಾತ್ರಿ" ಎಂದು ಹೇಳುವವರ ಬಾಗಿಲಿನಿಂದ ಹಿಂದೆ ಸರಿಯಿರಿ. ಸೇರಲೇಬೇಕೆಂದಿದ್ದರೆ ಮೂರು ವಿಷಯ ಕೇಳಿ: ಕಳೆದ ವರ್ಷ ಇಲ್ಲಿಂದ ಆಯ್ಕೆಯಾಗಿ ಈಗ ಹಾರುತ್ತಿರುವ ಇಬ್ಬರೊಡನೆ ಫೋನಿನಲ್ಲಿ ಮಾತನಾಡಬಹುದೇ, ಶುಲ್ಕ ಹಿಂದಿರುಗಿಸುವ ನಿಯಮ ಲಿಖಿತವಾಗಿ ಇದೆಯೇ, ಪಾಠ ಹೇಳುವವರು ನಿಜವಾಗಿ ಹಾರಿದವರೇ. ಮೊದಲ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಉಳಿದೆರಡನ್ನು ಕೇಳುವ ಅಗತ್ಯವಿಲ್ಲ.

ಆ ಹಣವನ್ನು ಪದವಿಗೆ ಹಾಕುವುದು ಮೇಲು. ಹಾರಾಟ ನಿಂತರೂ ಕೈಹಿಡಿಯುವ ವಿದ್ಯೆ ಬೇಕು. ಮಣಿಪಾಲದಲ್ಲಿ 1986ರಿಂದ ಹೋಟೆಲ್ ಆಡಳಿತದ ಕಾಲೇಜಿದೆ, ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಲೆಕ್ಕವಿಲ್ಲ. ನರ್ಸಿಂಗ್ ಓದಿದವರು ಈ ದಾರಿಯನ್ನು ಯೋಚಿಸುವುದೇ ಇಲ್ಲವೆಂಬುದು ನನಗೆ ಸೋಜಿಗ. 1930ರಲ್ಲಿ ಅಮೆರಿಕದಲ್ಲಿ ಮೊತ್ತಮೊದಲ ಗಗನಸಖಿಯಾಗಿ ಕೆಲಸಕ್ಕೆ ಸೇರಿದ ಎಲೆನ್ ಚರ್ಚ್ ನರ್ಸ್ ಆಗಿದ್ದರು, ಆರಂಭದ ವರ್ಷಗಳಲ್ಲಿ ಈ ಕೆಲಸಕ್ಕೆ ನರ್ಸ್‌ಗಳನ್ನೇ ತೆಗೆದುಕೊಳ್ಳುತ್ತಿದ್ದರು. ದಮ್ಮಾಮ್‌ನಿಂದ ಹೊರಟ ವಿಮಾನದಲ್ಲಿ ಹೊಟ್ಟೆಗಿಲ್ಲದೆ ಕುಳಿತು ಸಕ್ಕರೆ ಪ್ರಮಾಣ ಕುಸಿದು ತಲೆ ತಿರುಗಿದ ಹಿರಿಯರನ್ನು ನೋಡಿಕೊಳ್ಳುವಾಗ, ವಾರ್ಡಿನ ಅನುಭವವಿದ್ದ ಸಹೋದ್ಯೋಗಿಯ ಕೈಗಳು ಉಳಿದವರ ಕೈಗಳಂತೆ ನಡುಗುತ್ತಿರಲಿಲ್ಲ.

ಎಮಿರೇಟ್ಸ್‌ನಂತಹ ಸಂಸ್ಥೆಗಳು ಕನಿಷ್ಠ ಒಂದು ವರ್ಷದ ಆತಿಥ್ಯ ಅಥವಾ ಗ್ರಾಹಕ ಸೇವೆಯ ಅನುಭವವನ್ನು ಕೇಳುತ್ತವೆ. ಹೋಟೆಲಿನ ಸ್ವಾಗತ ಕಟ್ಟೆ, ಆಸ್ಪತ್ರೆಯ ವಿಚಾರಣಾ ಕೌಂಟರ್, ಜವಳಿ ಅಂಗಡಿ, ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಅನುಭವಪತ್ರವನ್ನು ಮಾತ್ರ ಲೆಟರ್‌ಹೆಡ್‌ನಲ್ಲಿ ಪಡೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ನಾಲಿಗೆ

ತುಳು, ಕನ್ನಡ, ಕೊಂಕಣಿ, ಬ್ಯಾರಿ, ಅಷ್ಟಿಷ್ಟು ಮಲಯಾಳ: ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ನಿಂತವರ ಕಿವಿಗೆ ಇವೆಲ್ಲ ಬೀಳುತ್ತವೆ. ಹೊರಗಿನ ಅಭ್ಯರ್ಥಿಗಳಲ್ಲಿ ಇಲ್ಲದ ಈ ಸಂಪತ್ತನ್ನು ಅರ್ಜಿಯಲ್ಲಿ ಬರೆಯಲು ನಮ್ಮ ಮಕ್ಕಳು ನಾಚುತ್ತಾರೆ. ಬರೆಯಿರಿ. ಕೊಲ್ಲಿಯ ಮಾರ್ಗಗಳಲ್ಲಿ ಮೊದಲ ಬಾರಿ ವಿಮಾನ ಹತ್ತಿದ ತಾಯಿಗೆ ಸೀಟ್‌ಬೆಲ್ಟ್ ಹೇಗೆ ಬಿಗಿಯಬೇಕೆಂದು ಬ್ಯಾರಿಯಲ್ಲಿ ಹೇಳಬಲ್ಲವಳು ಆ ವಿಮಾನಕ್ಕೆ ದೊಡ್ಡ ಆಸ್ತಿ.

ಇಂಗ್ಲಿಷ್ ಮತ್ತು ಹಿಂದಿಗೆ ದುಡಿಯಬೇಕಾಗುತ್ತದೆ. ನಮ್ಮ ಇಂಗ್ಲಿಷಿನಲ್ಲಿ ವ್ಯಾಕರಣ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಉಚ್ಚಾರದಲ್ಲಿ ಎರಡು ಮೂರು ಚಾಳಿಗಳು ಎದ್ದು ಕಾಣುತ್ತವೆ. ಪದದ ಕೊನೆಗೆ ಉಕಾರ ಸೇರಿಸಿ ಸೀಟನ್ನು ಸೀಟು, ಬೆಲ್ಟನ್ನು ಬೆಲ್ಟು ಎನ್ನುವುದು ಒಂದು. ಫಕಾರವನ್ನು ಪಕಾರದಂತೆ ನುಡಿಯುವುದು ಇನ್ನೊಂದು. ಮೂರನೆಯದು ಅತಿ ವೇಗ. ಪ್ರತಿದಿನ ಹದಿನೈದು ನಿಮಿಷ ಒಂದು ಇಂಗ್ಲಿಷ್ ಪತ್ರಿಕೆಯ ಪ್ಯಾರಾವನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮರುದಿನ ಕೇಳಿ. ಕೇಳುವುದು ಮರುದಿನವೇ ಆಗಬೇಕು, ಅಂದೇ ಕೇಳಿದರೆ ತಪ್ಪು ಕಿವಿಗೆ ಬೀಳುವುದಿಲ್ಲ. ವಿದೇಶಿ ಉಚ್ಚಾರದ ಅನುಕರಣೆ ಬೇಡವೇ ಬೇಡ, ಸ್ಪಷ್ಟತೆ ಇದ್ದರೆ ಸಾಕು. ಹಿಂದಿಯಲ್ಲಿ ಲಿಂಗದ ತಪ್ಪುಗಳನ್ನು ಯಾರೂ ದೊಡ್ಡದು ಮಾಡುವುದಿಲ್ಲ, ಮಾತೇ ಹೊರಡದಿದ್ದರೆ ಮಾತ್ರ ತೊಂದರೆ.

ಐದನೆಯ ಹೆಜ್ಜೆ: ಅರ್ಜಿ ಮತ್ತು ಸಂದರ್ಶನ

ಅರ್ಜಿಯನ್ನು ಸಂಸ್ಥೆಯ ಸ್ವಂತ ಜಾಲತಾಣದ ಉದ್ಯೋಗ ಪುಟದ ಮೂಲಕವೇ ಸಲ್ಲಿಸಿ. ಸಂದರ್ಶನ ಶುಲ್ಕ, ಸಮವಸ್ತ್ರದ ಮುಂಗಡ, ವೀಸಾ ಠೇವಣಿ ಎಂದು ವಾಟ್ಸಾಪಿನಲ್ಲಿ ಹಣ ಕೇಳುವ ಸಂದೇಶ ಬಂದರೆ ಅದು ವಂಚನೆ, ಆಯ್ಕೆ ಮಾಡಿಕೊಳ್ಳಲು ವಿಮಾನ ಸಂಸ್ಥೆಗಳು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಅಂತಹ ಸಂದೇಶ ಬಂದರೆ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ತಿಳಿಸಿ.

ಸಂದರ್ಶನಗಳು ಹೆಚ್ಚಾಗಿ ಬೆಂಗಳೂರು, ಮುಂಬಯಿ, ಕೊಚ್ಚಿಗಳಲ್ಲಿ ನಡೆಯುತ್ತವೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬಿ ಹಿಂದಿನ ರಾತ್ರಿಯ ಬಸ್ಸು ಹತ್ತಬೇಡಿ. ಗುಡ್ಡ ಕುಸಿದರೆ ಬಸ್ಸು ಅಲ್ಲೇ ನಿಲ್ಲುತ್ತದೆ, ಸಂದರ್ಶನ ನಿಮಗಾಗಿ ಕಾಯುವುದಿಲ್ಲ. ಒಂದು ದಿನ ಮೊದಲೇ ತಲುಪಿ, ರಾತ್ರಿ ನಿದ್ದೆ ಮಾಡಿ. ನಿದ್ದೆಗೆಟ್ಟ ಮುಖವನ್ನು ಯಾವ ಮೇಕಪ್ಪೂ ಮುಚ್ಚಲಾರದು.

ಉಡುಪಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಇಸ್ತ್ರಿ ಮಾಡಿದ ಸರಳ ಅಂಗಿ, ಮೊಣಕಾಲಿನವರೆಗಿನ ಸ್ಕರ್ಟ್ ಅಥವಾ ಪ್ಯಾಂಟ್, ಮುಚ್ಚಿದ ಬೂಟು, ಹಣೆಗೆ ಬೀಳದಂತೆ ಹಿಂದಕ್ಕೆ ಬಾಚಿ ಕಟ್ಟಿದ ತುರುಬು. ಶಂಕರಪುರ ಮಲ್ಲಿಗೆಯ ಅಟ್ಟೆಯನ್ನು ಅಮ್ಮ ಎಷ್ಟು ಪ್ರೀತಿಯಿಂದ ಕೊಟ್ಟರೂ ಅಂದಿಗೆ ಅದು ಚೀಲದಲ್ಲೇ ಇರಲಿ.

ಮೊದಲು ಎತ್ತರ, ತೂಕ, ಕೈ ಎಟುಕು, ಚರ್ಮ ನೋಡುತ್ತಾರೆ. ಬಳಿಕ ಒಂದು ಪ್ರಕಟಣೆಯನ್ನು ಓದಿಸುತ್ತಾರೆ. ಆಮೇಲೆ ಗುಂಪು ಚರ್ಚೆ. ಇಲ್ಲಿ ಹೆಚ್ಚು ಮಾತನಾಡಿದವರು ಗೆಲ್ಲುತ್ತಾರೆಂಬ ತಪ್ಪು ಕಲ್ಪನೆ ಇದೆ. ಪರೀಕ್ಷಕರು ನೋಡುವುದು ಇನ್ನೊಬ್ಬರ ಮಾತು ಮುಗಿಯುವವರೆಗೆ ನೀವು ಕಾಯುತ್ತೀರಾ, ಮೂಲೆಯಲ್ಲಿ ಸುಮ್ಮನೆ ಕುಳಿತವರನ್ನು ಮಾತಿಗೆ ಎಳೆಯುತ್ತೀರಾ ಎಂಬುದನ್ನು. ನಾಲ್ಕು ಮಂದಿ ಸಣ್ಣ ಅಡುಗೆಕೋಣೆಯಷ್ಟು ಜಾಗದಲ್ಲಿ ಗಂಟೆಗಟ್ಟಲೆ ಒಟ್ಟಿಗೆ ದುಡಿಯಬೇಕಾದ ಕೆಲಸವಿದು, ಇನ್ನೊಬ್ಬರನ್ನು ಹತ್ತಿಕ್ಕುವವರು ಅಲ್ಲಿ ಅಪಾಯಕಾರಿ.

ವೈಯಕ್ತಿಕ ಸಂದರ್ಶನದಲ್ಲಿ "ಈ ಕೆಲಸ ಏಕೆ ಬೇಕು" ಎಂಬ ಪ್ರಶ್ನೆಗೆ "ಜಗತ್ತು ಸುತ್ತಬೇಕು, ಬಾಲ್ಯದ ಕನಸು" ಎಂಬ ಉತ್ತರವನ್ನು ಅವರು ಬೆಳಿಗ್ಗೆಯಿಂದ ನೂರು ಬಾರಿ ಕೇಳಿರುತ್ತಾರೆ. ನೀವು ನಿಜವಾಗಿ ಮಾಡಿದ ಒಂದು ಕೆಲಸವನ್ನು ಹೇಳಿ. ನಾನು ಬಲ್ಲ ಹುಡುಗಿಯೊಬ್ಬಳು ಉಡುಪಿಯ ಪರ್ಯಾಯದಲ್ಲಿ ಸ್ವಯಂಸೇವಕಿಯಾಗಿದ್ದಳು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಮುಂಜಾವಿನಲ್ಲಿ ರಥಬೀದಿ ಜನರಿಂದ ತುಂಬಿ ತುಳುಕುವಾಗ, ತಾಯಿಯಿಂದ ಬೇರ್ಪಟ್ಟು ಅಳುತ್ತಿದ್ದ ಮಗುವನ್ನು ತಾನು ಹೇಗೆ ಸಮಾಧಾನಪಡಿಸಿದೆ, ಯಾರಿಗೆ ತಿಳಿಸಿದೆ, ಗುಂಪನ್ನು ಹೇಗೆ ಪಕ್ಕಕ್ಕೆ ಸರಿಸಿದೆ ಎಂಬುದನ್ನು ಅವಳು ಎರಡು ನಿಮಿಷದಲ್ಲಿ ಹೇಳಿದಳು. ಅವಳು ಆಯ್ಕೆಯಾದಳು. ಕಾಲೇಜಿನ ಎನ್ನೆಸ್ಸೆಸ್ ಶಿಬಿರ, ಮದುವೆ ಮನೆಯಲ್ಲಿ ಬಡಿಸಿದ ಅನುಭವ, ಅಜ್ಜನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡದ್ದು, ಇಂತಹದ್ದು ಎಲ್ಲರ ಬಳಿಯೂ ಇರುತ್ತದೆ. ಕುಡಿದು ಗಲಾಟೆ ಮಾಡುವ ಪ್ರಯಾಣಿಕ, ಸೀಟು ಬದಲಿಸಲು ಒಪ್ಪದ ಪ್ರಯಾಣಿಕ ಮುಂತಾದ ಸನ್ನಿವೇಶಗಳನ್ನು ಕೇಳಿದಾಗ, ನಿಮ್ಮ ಉತ್ತರದಲ್ಲಿ ಹಿರಿಯ ಸಿಬ್ಬಂದಿಗೆ ತಿಳಿಸುವ ಹಂತ ತಪ್ಪದೆ ಬರಲಿ. ಎಲ್ಲವನ್ನೂ ಒಬ್ಬಳೇ ಬಗೆಹರಿಸುತ್ತೇನೆಂಬ ಉತ್ತರ ಧೈರ್ಯವಾಗಿ ಕಾಣಿಸಿದರೂ ಅಂಕ ಕಳೆಯುತ್ತದೆ.

ಮೊದಲ ಸಲ ಆಯ್ಕೆಯಾಗದಿರುವುದು ಸಾಮಾನ್ಯ. ಎಷ್ಟು ತಿಂಗಳ ಬಳಿಕ ಮತ್ತೆ ಅರ್ಜಿ ಹಾಕಬಹುದೆಂದು ಕೇಳಿಕೊಂಡು ಬನ್ನಿ.

ಆರನೆಯ ಹೆಜ್ಜೆ: ಸಹಿ ಹಾಕುವ ಮೊದಲು

ಆಯ್ಕೆಪತ್ರ ಬಂದ ಸಂಭ್ರಮದಲ್ಲಿ ಯಾರೂ ಅದನ್ನು ಪೂರ್ತಿ ಓದುವುದಿಲ್ಲ. ತರಬೇತಿಯ ಖರ್ಚಿಗಾಗಿ ಬಾಂಡ್ ಇದೆಯೇ, ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ತರಬೇತಿಯ ಅವಧಿಯಲ್ಲಿ ಭತ್ಯೆ ಮತ್ತು ವಸತಿ ಯಾರದು, ಇವನ್ನು ಅಪ್ಪ ಅಮ್ಮನೊಂದಿಗೆ ಕುಳಿತು ಸಾಲುಸಾಲಾಗಿ ಓದಿ. ಸಂಬಳದಲ್ಲಿ ನಿಗದಿತ ಭಾಗ ಬೇರೆ, ಹಾರಿದ ಗಂಟೆಗಳಿಗೆ ಸಿಗುವ ಭಾಗ ಬೇರೆ. ಜ್ವರ ಬಂದು ಎರಡು ವಾರ ಮಲಗಿದರೆ ಎರಡನೆಯದು ಬರುವುದಿಲ್ಲ. ಬ್ಯಾಂಕ್ ಸಾಲದ ಕಂತನ್ನು ನಿಗದಿತ ಭಾಗದ ಮೇಲಷ್ಟೇ ಲೆಕ್ಕ ಹಾಕಿ. ಬೇಸ್, ಅಂದರೆ ನೀವು ನೆಲೆಸಿ ಹಾರಾಟಕ್ಕೆ ಹೊರಡುವ ಊರು, ಮಂಗಳೂರೇ ಆಗುತ್ತದೆಂದು ಎಣಿಸಬೇಡಿ, ದೆಹಲಿಯಲ್ಲಿ ಬಾಡಿಗೆ ಮನೆ ಹುಡುಕಲು ಸಿದ್ಧರಾಗಿರಿ. ವಿಮಾನ ನಿಲ್ದಾಣದ ಪ್ರವೇಶ ಪತ್ರಕ್ಕಾಗಿ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆ ಹಿನ್ನೆಲೆಯನ್ನು ಪರಿಶೀಲಿಸುತ್ತದೆ. ನಿಮ್ಮ ಹೆಸರಿನಲ್ಲಿ ಯಾವುದಾದರೂ ಪ್ರಕರಣವಿದ್ದರೆ ಮುಚ್ಚಿಡದೆ ಮೊದಲೇ ತಿಳಿಸಿ.

ಏಳನೆಯ ಹೆಜ್ಜೆ: ತರಬೇತಿ

ಎರಡು ಮೂರು ತಿಂಗಳ ಈ ಅವಧಿ ಪಿಯುಸಿ ವಿಜ್ಞಾನದ ಪರೀಕ್ಷೆಗಳಿಗಿಂತ ಬಿಗಿಯಾದದ್ದು. ಬೆಳಿಗ್ಗೆ ಪಾಠ, ಮರುದಿನ ಪರೀಕ್ಷೆ, ಉತ್ತೀರ್ಣತೆಯ ಮಟ್ಟ ಎತ್ತರದಲ್ಲಿರುತ್ತದೆ. ಹೊರಡುವ ಮೊದಲೇ ಊರಿನಲ್ಲಿ ಕಲಿತುಕೊಳ್ಳಬಹುದಾದ ಕೆಲವು ವಿಷಯಗಳಿವೆ. ಎ, ಬಿ, ಸಿ ಅಕ್ಷರಗಳನ್ನು ತಪ್ಪಿಲ್ಲದೆ ತಿಳಿಸಲು ಬಳಸುವ, ಆಲ್ಫಾ, ಬ್ರಾವೊ, ಚಾರ್ಲಿ ಎಂದು ಸಾಗುವ ಧ್ವನ್ಯಕ್ಷರಮಾಲೆಯನ್ನು ಬಾಯಿಪಾಠ ಮಾಡಿ. ವಿಮಾನ ನಿಲ್ದಾಣಗಳ ಮೂರಕ್ಷರದ ಸಂಕೇತಗಳನ್ನು ಕಲಿಯಿರಿ: ಮಂಗಳೂರಿಗೆ ಐಎಕ್ಸ್‌ಇ, ಬೆಂಗಳೂರಿಗೆ ಬಿಎಲ್‌ಆರ್, ಮಸ್ಕತ್‌ಗೆ ಎಂಸಿಟಿ. ಸಮಯವನ್ನು 24 ಗಂಟೆಗಳ ಲೆಕ್ಕದಲ್ಲಿ ಓದಲು, ಯುಟಿಸಿಯಿಂದ, ಅಂದರೆ ವಿಮಾನಯಾನದಲ್ಲಿ ಬಳಸುವ ಜಾಗತಿಕ ಸಮಯದಿಂದ, ಭಾರತೀಯ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಲು ರೂಢಿಸಿಕೊಳ್ಳಿ. ರೋಸ್ಟರಿನಲ್ಲಿ, ಅಂದರೆ ಕೆಲಸದ ವೇಳಾಪಟ್ಟಿಯಲ್ಲಿ, 2000 ಯುಟಿಸಿ ಎಂದಿದ್ದರೆ ಅದು ನಮ್ಮಲ್ಲಿ ಮರುದಿನದ ನಸುಕಿನ ಒಂದೂವರೆ ಗಂಟೆ. ತಾರೀಕೇ ಬದಲಾದದ್ದನ್ನು ಗಮನಿಸದೆ ವಿಮಾನ ತಪ್ಪಿಸಿಕೊಂಡ ಹೊಸಬರು ಪ್ರತಿ ತಂಡದಲ್ಲಿಯೂ ಇರುತ್ತಾರೆ.

ನೀರಿನ ಹೆದರಿಕೆ ಇರುವವರು ಮಂಗಳೂರಿನ ಲೇಡಿಹಿಲ್‌ನ ಮಂಗಳಾ ಈಜುಕೊಳದಲ್ಲಿ ಅಥವಾ ಉಡುಪಿಯ ಅಜ್ಜರಕಾಡಿನ ಈಜುಕೊಳದಲ್ಲಿ ಒಂದು ತಿಂಗಳು ಕಲಿಯಲಿ. ಮಲ್ಪೆಯ ಸಮುದ್ರ ಕಲಿಯುವ ಜಾಗವಲ್ಲ. ವಿಮಾನ ನೀರಿನ ಮೇಲೆ ಇಳಿದಾಗಿನ ಅಭ್ಯಾಸದಲ್ಲಿ ಜೀವರಕ್ಷಕ ಅಂಗಿ ತೊಟ್ಟು ಕೊಳಕ್ಕಿಳಿದು, ಇನ್ನೊಬ್ಬರನ್ನು ತೇಲುವ ದೋಣಿಗೆ ಎಳೆಯಬೇಕಾಗುತ್ತದೆ.

ತರಬೇತಿಯಲ್ಲಿ ಕಲಿಸುವುದನ್ನೆಲ್ಲ ಇಲ್ಲಿ ಹೇಳಲಾಗದು, ಅದರ ಸ್ವಭಾವ ತಿಳಿಯಲು ಕೆಲವನ್ನು ಹೇಳುತ್ತೇನೆ. ಸುಮಾರು 35,000 ಅಡಿ ಎತ್ತರದಲ್ಲಿ ಕ್ಯಾಬಿನ್ನಿನ ಒತ್ತಡ ತಪ್ಪಿದರೆ ಮನುಷ್ಯನಿಗೆ ಎಚ್ಚರದಿಂದ ಕೆಲಸ ಮಾಡಲು ಸಿಗುವುದು 30ರಿಂದ 60 ಸೆಕೆಂಡು. ಆದ್ದರಿಂದ ಸಿಬ್ಬಂದಿ ಮೊದಲು ತಾನು ಮಾಸ್ಕ್ ಧರಿಸಬೇಕು. ಪಕ್ಕದಲ್ಲಿ ಮಗು ಅಳುತ್ತಿದ್ದರೂ ಹೀಗೆಯೇ ಮಾಡಬೇಕು. ಪ್ರಯಾಣಿಕರ ಮೊಬೈಲಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಹ್ಯಾಲನ್ ಅನಿಲದಿಂದ ಜ್ವಾಲೆಯನ್ನು ಆರಿಸಿ, ಆಮೇಲೆ ನೀರು ಅಥವಾ ಮದ್ಯಸಾರವಿಲ್ಲದ ಬೇರೆ ದ್ರವ ಸುರಿದು ತಂಪಾಗಿಸುತ್ತಲೇ ಇರಬೇಕು. ಮಂಜುಗಡ್ಡೆ ಇಡಬಾರದು, ಅದು ಶಾಖವನ್ನು ಒಳಗೇ ಹಿಡಿದಿಟ್ಟು ಮತ್ತೆ ಉರಿಸುತ್ತದೆ. ತುರ್ತಾಗಿ ಎಲ್ಲರನ್ನೂ ಹೊರಗೆ ಕಳುಹಿಸಬೇಕಾದಾಗ ಬಾಗಿಲು ತೆರೆಯುವ ಮೊದಲು ಕಿಟಕಿಯಿಂದ ಹೊರಗೆ ನೋಡಿ ಬೆಂಕಿಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಚೀಲ ಹಿಡಿದು ಬರುವವರು ಅದನ್ನು ಅಲ್ಲೇ ಬಿಡುವಂತೆ ಮಾಡುವಷ್ಟು ಗಟ್ಟಿ ದನಿ ಬೇಕು. ಮೆಲುದನಿಯಲ್ಲಿ ಮಾತನಾಡಿ ಬೆಳೆದ ಹುಡುಗಿಯರಿಗೆ ಈ ಕೂಗಾಟದ ಅಭ್ಯಾಸವೇ ಎಲ್ಲಕ್ಕಿಂತ ಕಷ್ಟ. ನನಗೂ ಕಷ್ಟವಾಗಿತ್ತು, ಹಾಸ್ಟೆಲಿನ ತಾರಸಿಯಲ್ಲಿ ನಿಂತು ಕೂಗಿ ಕಲಿತೆ.

ಪ್ರತಿ ಟೇಕಾಫ್ ಮತ್ತು ಲ್ಯಾಂಡಿಂಗಿನ ಹೊತ್ತಿಗೆ ಜಂಪ್‌ಸೀಟಿನಲ್ಲಿ, ಅಂದರೆ ಸಿಬ್ಬಂದಿಗೆಂದೇ ಇರುವ ಮಡಚುವ ಸೀಟಿನಲ್ಲಿ, ಕುಳಿತ ಸಿಬ್ಬಂದಿ ಮೌನವಾಗಿರುವುದನ್ನು ನೀವು ಕಂಡಿರಬಹುದು. ಆ 30 ಸೆಕೆಂಡು ಮನಸ್ಸಿನಲ್ಲಿ ಒಂದು ಪಟ್ಟಿ ಓಡುತ್ತಿರುತ್ತದೆ: ನನ್ನ ಬಾಗಿಲು ಯಾವುದು, ಹಿಡಿಕೆ ಯಾವ ಕಡೆಗೆ ತಿರುಗುತ್ತದೆ, ಏನೆಂದು ಕೂಗಬೇಕು, ಸಹಾಯಕ್ಕೆ ಬರಬಲ್ಲ ಗಟ್ಟಿಮುಟ್ಟಾದ ಪ್ರಯಾಣಿಕ ಎಲ್ಲಿ ಕುಳಿತಿದ್ದಾನೆ, ಗರ್ಭಿಣಿ ಎಲ್ಲಿದ್ದಾಳೆ. ಬಜಪೆಯಲ್ಲಿ ಇಳಿಯುವಾಗ ಈ ಪಟ್ಟಿಯನ್ನು ನಾನು ಎರಡು ಬಾರಿ ಓಡಿಸುತ್ತಿದ್ದೆ.

ಕೆಲಸಕ್ಕೆ ಸೇರಿದ ಮೇಲೆ

ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಮದ್ಯ ನಿಷಿದ್ಧ, ಉಸಿರಿನ ಪರೀಕ್ಷೆಗೆ ಒಳಗಾಗಬೇಕು. ಕುಡಿಯದವರೂ ಇಲ್ಲಿ ಜಾಗ್ರತೆಯಿಂದ ಇರಬೇಕಾದ ಕಾರಣವಿದೆ: ಮದ್ಯಸಾರವಿರುವ ಬಾಯಿ ತೊಳೆಯುವ ದ್ರವವನ್ನೂ ಬಳಸುವಂತಿಲ್ಲ. ಅಜ್ಜಿ ಪ್ರೀತಿಯಿಂದ ಕೊಡುವ ದಶಮೂಲಾರಿಷ್ಟದಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರ ಇರುತ್ತದೆ, ಹೋಮಿಯೋಪತಿಯ ದ್ರವ ಔಷಧಿಗಳಲ್ಲಿಯೂ ಇರುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಏನನ್ನು ಕುಡಿಯುತ್ತಿದ್ದೇವೆಂದು ಕೇಳಿ ಕುಡಿಯಿರಿ, ಯಾವ ಔಷಧವನ್ನೂ ಸಂಸ್ಥೆಯ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬೇಡಿ. ನೆಗಡಿಯಾದಾಗ ಹಾರಬೇಡಿ. ಮೂಗು ಕಟ್ಟಿರುವಾಗ ವಿಮಾನ ಇಳಿದರೆ ಕಿವಿಯ ಒಳಗಿನ ಒತ್ತಡ ಸಮನಾಗದೆ ತಮಟೆಗೆ ಪೆಟ್ಟಾಗುತ್ತದೆ.

ಹಬ್ಬ, ಮದುವೆ, ಭೂತಕೋಲ, ಊರಿನ ಚರ್ಚ್ ಹಬ್ಬ, ಇವು ಕೈತಪ್ಪುತ್ತವೆ. ಇದನ್ನು ಮನೆಯವರಿಗೆ ಮೊದಲೇ ತಿಳಿಸಿ, ಕರೆ ಬಂದರೆ ಹೊರಡಲು ಸಿದ್ಧರಾಗಿರಬೇಕಾದ ಸ್ಟ್ಯಾಂಡ್‌ಬೈ ದಿನವೆಂದರೆ ರಜೆಯಲ್ಲ ಎಂಬುದನ್ನೂ ಹೇಳಿ.

ಮದುವೆಯಾದರೆ ಕೆಲಸ ಹೋಗುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಹೊಸಬರನ್ನು ಆರಿಸುವಾಗ ಅವಿವಾಹಿತರಾಗಿರಬೇಕೆಂದು ಕೆಲವು ಸಂಸ್ಥೆಗಳು ಕೇಳುವುದುಂಟು, ಸೇರಿದ ಮೇಲಿನ ಮಾತು ಬೇರೆ. ಒಂದು ಕಾಲದಲ್ಲಿ ಏರ್ ಇಂಡಿಯಾದ ನಿಯಮದ ಪ್ರಕಾರ, ಸೇವೆಯ ಮೊದಲ ನಾಲ್ಕು ವರ್ಷಗಳೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಗಗನಸಖಿ ನಿವೃತ್ತಳಾಗಬೇಕಿತ್ತು. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಗರ್ಭಧಾರಣೆಯ ಷರತ್ತನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. ಗರ್ಭಿಣಿಯೆಂದು ತಿಳಿದ ಕೂಡಲೇ ಹಾರಾಟ ನಿಲ್ಲಿಸುತ್ತಾರೆ. 2017ರ ತಿದ್ದುಪಡಿಯ ಬಳಿಕ ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಇದೆ. ಮರಳಿ ಬರುವಾಗ ವೈದ್ಯಕೀಯ ಪರೀಕ್ಷೆಯನ್ನೂ ಪುನರ್‌ತರಬೇತಿಯನ್ನೂ ದಾಟಬೇಕು.

ವರ್ಷಕ್ಕೊಮ್ಮೆ ಎಲ್ಲರೂ ಸುರಕ್ಷತಾ ತರಬೇತಿಯನ್ನು ಮತ್ತೆ ಮುಗಿಸಲೇಬೇಕು. ಕೆಲವು ವರ್ಷಗಳಲ್ಲಿ ಕ್ಯಾಬಿನ್ನಿನ ಮುಖ್ಯಸ್ಥೆಯಾಗುವ, ಬಳಿಕ ಬೋಧಕಿಯಾಗುವ ದಾರಿ ತೆರೆಯುತ್ತದೆ. ಬೇರೆ ಸಂಸ್ಥೆಗೆ ಹೋಗುವ ಮನಸ್ಸಾದರೆ ರಾಜೀನಾಮೆಗೆ ಮೊದಲು ಬಾಂಡಿನ ಉಳಿದ ಅವಧಿಯನ್ನೂ ನೋಟಿಸ್ ಅವಧಿಯನ್ನೂ ಲೆಕ್ಕ ಹಾಕಿ. ಪ್ರತಿ ತರಬೇತಿಯ ಪ್ರಮಾಣಪತ್ರ, ವೈದ್ಯಕೀಯ ವರದಿ ಮತ್ತು ಹಾರಾಟದ ಗಂಟೆಗಳ ದಾಖಲೆಯ ಪ್ರತಿಯನ್ನು ಸೇರಿದ ದಿನದಿಂದಲೇ ಒಂದು ಕಡತದಲ್ಲಿ ಹಾಕುತ್ತಾ ಬನ್ನಿ, ಕಚೇರಿಯ ಲಾಗಿನ್ ಮುಚ್ಚಿದ ಮೇಲೆ ಅವನ್ನು ಪಡೆಯಲು ನನಗೆ ಮೂರು ತಿಂಗಳು ಅಲೆಯಬೇಕಾಯಿತು.